ಚಿತ್ರದಿಂದ ಕಡಲಿಗಿಳಿದ ಹಡಗು

ಇತಿಹಾಸವೆಂದರೆ ರಾಜರ ಹೆಸರು, ಯುದ್ಧದ ಇಸವಿ ಎಂದು ಬಹಳ ಮಂದಿ ತಿಳಿದಿದ್ದಾರೆ. ಈ ಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸಿದ ನನಗೆ ಮಕ್ಕಳು ಪದೇ ಪದೇ ಕೇಳುತ್ತಿದ್ದ ಪ್ರಶ್ನೆಯೇ ಇತಿಹಾಸದ ಹೆಬ್ಬಾಗಿಲು: "ಅದು ಹಾಗೇ ಇತ್ತು ಅಂತ ಹೇಗೆ ಗೊತ್ತು ಸಾರ್?" ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ, ಹಾಯಿಹಡಗುಗಳನ್ನು ಮುಂದಿಟ್ಟುಕೊಂಡು ಆ ಪ್ರಶ್ನೆಗೆ ಉತ್ತರ ಹೇಳುತ್ತೇನೆ.

ಕೋಟೆ, ಗುಡಿಗಳು ಕಲ್ಲಿನವು, ಉಳಿದಿವೆ. ಹಡಗು ಮರದ್ದು, ಅದರ ಹಗ್ಗ ನಾರಿನದು, ಹಾಯಿ ಬಟ್ಟೆಯದು. ಉಪ್ಪುನೀರಿನಲ್ಲಿ ಎಲ್ಲವೂ ಕರಗಿಹೋಗುತ್ತವೆ. ಪ್ರಾಚೀನ ಭಾರತದ ಹಡಗುಗಳ ನಕ್ಷೆಗಳೂ ನಮಗೆ ದೊರೆತಿಲ್ಲ. ಆದ್ದರಿಂದ ಕಲಾವಿದರೇ ಇಲ್ಲಿ ಮುಖ್ಯ ಸಾಕ್ಷಿಗಳು. ಮೊಹೆಂಜೊದಾರೊ ಮುದ್ರೆಯ ಮೇಲೊಂದು ದೋಣಿಯಿದೆ. ಶಾತವಾಹನರ ನಾಣ್ಯದಲ್ಲಿ ಎರಡು ಕಂಬಗಳ ಹಡಗಿದೆ. ಮುಂಬಯಿಯ ಬೋರಿವಲಿ ಬಳಿಯ ಏಕ್ಸರ್‌ನಲ್ಲಿಯೂ, ಗೋವೆಯ ವಸ್ತುಸಂಗ್ರಹಾಲಯದಲ್ಲಿಯೂ ನೌಕಾಯುದ್ಧದ ವೀರಗಲ್ಲುಗಳಿವೆ. ಗೋವೆಯವು ಕದಂಬರ ಕಾಲದವು. ಕಲ್ಲುಕುಟಿಗನು ಸತ್ತ ವೀರನ ಜೊತೆಗೆ ಹುಟ್ಟು ಹಾಕುವವರ ಸಾಲನ್ನೂ ಕೊರೆದಿದ್ದಾನೆ. ಶಾಸನಗಳು ಸಾಮಾನ್ಯವಾಗಿ ಮರೆಯುವ ಜನರು ಅವರು!

ಇವೆಲ್ಲಕ್ಕಿಂತ ಪ್ರಸಿದ್ಧವಾದುದು ಅಜಂತಾದ 2ನೆಯ ಗುಹೆಯ ವರ್ಣಚಿತ್ರ. ಹಾಯಿ ಕಟ್ಟುವ ಮೂರು ಕಂಬಗಳು, ಹಿಂಭಾಗದಲ್ಲಿ ಚುಕ್ಕಾಣಿಯ ಹುಟ್ಟು, ಸಾಲಾಗಿಟ್ಟ ದೊಡ್ಡ ಮಡಕೆಗಳು ಅದರಲ್ಲಿ ಕಾಣುತ್ತವೆ. ಆದರೆ ಅಜಂತಾ ಕಡಲಿನಿಂದ ದೂರದ ಬೆಟ್ಟದಲ್ಲಿದೆ. ಚಿತ್ರಕಾರನ ಉದ್ದೇಶ ಬೌದ್ಧಕಥೆಯೊಂದನ್ನು ಹೇಳುವುದೇ ಹೊರತು ಹಡಗು ಕಟ್ಟಲು ಕಲಿಸುವುದಲ್ಲ. ಅವನನ್ನು ಎಷ್ಟು ನಂಬಬೇಕು?

ಈ ಸಂದೇಹವನ್ನು ನಮ್ಮ ಕಾಲದಲ್ಲಿ ಸಮುದ್ರದ ಮೇಲೆಯೇ ಪರೀಕ್ಷಿಸಲಾಯಿತು. 2023ರಲ್ಲಿ ಕೇಂದ್ರ ಸಂಸ್ಕೃತಿ ಸಚಿವಾಲಯ, ಭಾರತೀಯ ನೌಕಾಪಡೆ ಮತ್ತು ಗೋವೆಯ ಹೋಡಿ ಇನ್ನೋವೇಶನ್ಸ್ ಸಂಸ್ಥೆಗಳು ಅಜಂತಾದ ಚಿತ್ರವನ್ನು ಆಧರಿಸಿ ಹಡಗೊಂದನ್ನು ಕಟ್ಟಲು ಒಪ್ಪಂದ ಮಾಡಿಕೊಂಡವು. ಚಿತ್ರದಲ್ಲಿ ಹೊರರೂಪವಷ್ಟೇ ಇತ್ತು. ಹಲಗೆಗಳನ್ನು ಕೂಡಿಸುವ ಬಗೆ ಇರಲಿಲ್ಲ. ಅದನ್ನು ತುಂಬಿಕೊಟ್ಟವರು ಕೇರಳದ ಕುಶಲಕರ್ಮಿಗಳು. ಬಾಬು ಶಂಕರನ್ ಅವರ ಮುಂದಾಳುತನದಲ್ಲಿ ಅವರು ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು, ಸಂದುಗಳನ್ನು ನಾರು ಮತ್ತು ಮರದ ಅಂಟಿನಿಂದ ಮುಚ್ಚಿದರು. ಮದರಾಸಿನ ಐಐಟಿಯಲ್ಲಿ ಅದರ ಮಾದರಿಯನ್ನು ನೀರಿನಲ್ಲಿ ಪರೀಕ್ಷಿಸಲಾಯಿತು.

2025ರ ಮೇ 21ರಂದು ಈ ಹಡಗು ನೌಕಾಪಡೆಗೆ ಸೇರಿದ್ದು ನಮ್ಮ ಕಾರವಾರದಲ್ಲಿ. ಆಗ್ನೇಯ ಏಷ್ಯಾಕ್ಕೆ ಹೋದನೆಂದು ಹೇಳುವ ನಾವಿಕನ ನೆನಪಿಗೆ 'ಕೌಂಡಿನ್ಯ' ಎಂದು ಹೆಸರಿಟ್ಟರು. ಹಾಯಿಯ ಮೇಲೆ ನಮ್ಮ ರಾಜ್ಯಲಾಂಛನದ ಗಂಡಭೇರುಂಡವೂ ಸೂರ್ಯನೂ ಇವೆ. 2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು, ಮರುತಿಂಗಳು ಒಮಾನಿನ ಮಸ್ಕತ್ ತಲುಪಿತು.

ಇದರಿಂದ ಏನು ಸಿದ್ಧವಾಯಿತು? ಅಜಂತಾದ ಕಾಲದ ಹಡಗು ಅಚ್ಚೊತ್ತಿದಂತೆ ಹೀಗೆಯೇ ಇತ್ತೆಂದಲ್ಲ. ಹೊಲಿದ ಹಡಗು ಗಾಳಿಯನ್ನೇ ನಂಬಿ ಅರಬ್ಬೀ ಸಮುದ್ರ ದಾಟಬಲ್ಲದು ಎಂಬುದು ಸಿದ್ಧವಾಯಿತು. ಇತಿಹಾಸದಲ್ಲಿ ಇಷ್ಟು ಹೇಳುವುದು ಪ್ರಾಮಾಣಿಕತೆ. ಇದಕ್ಕಿಂತ ಹೆಚ್ಚು ಹೇಳುವುದು ಜಂಬ.

ಇನ್ನೊಂದು ಮಾತು ನನ್ನನ್ನು ಹೆಚ್ಚು ಕಾಡುತ್ತದೆ. ಚಿತ್ರ ಉಳಿದು ಹೊಲಿಯುವ ಕೈಗಳು ಅಳಿದಿದ್ದರೆ ಈ ಹಡಗು ಹುಟ್ಟುತ್ತಿರಲಿಲ್ಲ. ಕೈಗಳು ಉಳಿದು ಚಿತ್ರ ಅಳಿದಿದ್ದರೂ ಅಷ್ಟೇ. ಪ್ರಿಯ ವಿದ್ಯಾರ್ಥಿಗಳೇ, ನಿಮ್ಮೂರಿನ ವೀರಗಲ್ಲು ಹಟ್ಟಿಯ ಮೆಟ್ಟಿಲಾಗದಂತೆ ನೋಡಿಕೊಳ್ಳಿ. ಬಡಗಿ, ನೇಕಾರ, ಕಮ್ಮಾರರ ಬಳಿ ಕುಳಿತು ಅವರ ಕೆಲಸವನ್ನು ಬರೆದಿಟ್ಟುಕೊಳ್ಳಿ. "ಹೇಗೆ ಗೊತ್ತು?" ಎಂದು ಮುಂದಿನವರು ಕೇಳಿದಾಗ ತೋರಿಸಲು ಏನಾದರೂ ಉಳಿದಿರಬೇಕಲ್ಲವೇ?