ನಾಳಿನ ಪತ್ತೇದಾರ

ಪತ್ತೇದಾರಿ ಕಾದಂಬರಿ ಎಂದರೇನೆಂದು ಕನ್ನಡ ಓದುಗರಿಗೆ ವಿವರಿಸಬೇಕಾಗಿಲ್ಲ. ಪ್ರೇಮಕಥೆಯನ್ನಂತೂ ಯಾರೂ ಯಾರಿಗೂ ಪರಿಚಯಿಸಬೇಕಾಗಿಲ್ಲ. ವಿಜ್ಞಾನದ ಆಧಾರದಿಂದ ಮುಂಬರುವ ಕಾಲವನ್ನು ಕಲ್ಪಿಸಿ ಬರೆದ ಕಾದಂಬರಿಗಳೂ ನಮ್ಮಲ್ಲಿ ಅಷ್ಟಿಷ್ಟು ಬಂದಿವೆ. ಈ ಮೂರೂ ಒಂದೇ ರಟ್ಟಿನೊಳಗೆ ಕೂಡಿಬಂದರೆ ಹೇಗಿದ್ದೀತು? ಇನ್ನೂ ಹುಟ್ಟದ ಒಂದು ಕಾಲ, ಆ ಕಾಲದ ಊರಿನಲ್ಲೊಂದು ಕೊಲೆ, ಅದನ್ನು ಪತ್ತೆಹಚ್ಚಲು ಹೊರಟ ಪೊಲೀಸ್ ಅಧಿಕಾರಿ, ತನಿಖೆಯ ನಡುವೆಯೇ ಅವನಿಗೆ ಒದಗುವ ಪ್ರೀತಿ. ಇಂಥ ಬರವಣಿಗೆಗೆ ಒಂದು ಇತಿಹಾಸವಿದೆ. ಆ ಇತಿಹಾಸದಲ್ಲಿ ನಮ್ಮ ಬೀದರ ಜಿಲ್ಲೆಯ ಒಂದು ಸಣ್ಣ ಊರಿಗೂ ಒಂದು ಮೂಲೆ ಸಲ್ಲಬೇಕೆಂಬುದು ಈ ಹೊತ್ತಿನ ನನ್ನ ಮಾತು.

ಆ ಊರು ಮಾಣಿಕನಗರ. ಹುಮನಾಬಾದಿನಿಂದ ಕಾಲ್ನಡಿಗೆಯ ದೂರ. ಮಾಣಿಕಪ್ರಭುಗಳ ಸಂಸ್ಥಾನವೆಂದು ಹೆಸರಾದ ಕ್ಷೇತ್ರ. 1817ರಲ್ಲಿ ಕಲ್ಯಾಣದ ಸಮೀಪದ ಲಾಡವಂತಿಯಲ್ಲಿ ಹುಟ್ಟಿ 1865ರಲ್ಲಿ ಇಲ್ಲಿ ಸಮಾಧಿಸ್ಥರಾದ ಪ್ರಭುಗಳು ಮರಾಠಿ, ಕನ್ನಡ, ಸಂಸ್ಕೃತ, ಹಿಂದುಸ್ತಾನಿಗಳಲ್ಲಿ ಪದಗಳನ್ನು ಕಟ್ಟಿದರು. ದತ್ತ ಜಯಂತಿಯ ಜಾತ್ರೆಗೆ ಬಂದವರು ಯಾವ ಭಾಷೆಯಲ್ಲಿ ಹಾಡಿದರೂ ಕೇಳುವವರಿಗೆ ಅದು ಪರಭಾಷೆ ಎನ್ನಿಸುತ್ತಿರಲಿಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು. ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿ ನಮ್ಮ ಭಾಗದ ದಿನಚರಿ ಇದೇ ಆಗಿತ್ತು. ಓದಿದವನೆಂದರೆ ಉರ್ದು ಓದಿದವನೆಂದೇ ಅರ್ಥ. ಮನೆಮಾತು ಕನ್ನಡವಾಗಿದ್ದೂ ಕನ್ನಡದ ಅಕ್ಷರ ಬಾರದ ವಿದ್ಯಾವಂತರು ಆ ತಲೆಮಾರಿನಲ್ಲಿ ಅನೇಕರಿದ್ದರು. ನನ್ನ ತಂದೆ ಅವರಲ್ಲಿ ಒಬ್ಬರು.

ಅವರು ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. 1956ರ ನವೆಂಬರ್ 1ರಂದು ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕಡತಗಳು ಮೆಲ್ಲಮೆಲ್ಲನೆ ಕನ್ನಡಕ್ಕೆ ತಿರುಗಿದವು. ಅದೇ ಕಾಲಕ್ಕೆ ನಾನು ಕನ್ನಡ ಶಾಲೆಗೆ ಸೇರಿದೆ. ಸಂಜೆ ನಾನು ಪಾಟಿಯ ಮೇಲೆ ಬರೆದ ಅಕ್ಷರಗಳನ್ನು ನಾನು ಮಲಗಿದ ಬಳಿಕ ಅಪ್ಪ ತಿದ್ದುತ್ತಿದ್ದರೆಂದು ಅವ್ವ ಎಷ್ಟೋ ವರ್ಷಗಳ ಮೇಲೆ ಹೇಳಿದಳು. ನೌಕರಿಯಲ್ಲಿ ಮುಂದುವರಿಯಲು ಕನ್ನಡದ ಪರೀಕ್ಷೆಯೊಂದನ್ನು ಅವರು ಪಾಸು ಮಾಡಬೇಕಾಗಿತ್ತು.

ಅಪ್ಪನಿಗೆ ಒಂದೇ ಒಂದು ಚಟ. ಹುಮನಾಬಾದಿನ ಅಂಗಡಿಯೊಂದರಿಂದ ತಿಂಗಳಿಗೊಂದು ಉರ್ದು ಪತ್ತೇದಾರಿ ಪುಸ್ತಕ ತರುತ್ತಿದ್ದರು. ‘ಜಾಸೂಸಿ ದುನಿಯಾ’ ಎಂಬ ಮಾಲೆ. ಬರೆದವರು ಇಬ್ನೆ ಸಫಿ. ರಾತ್ರಿ ಊಟವಾದ ಮೇಲೆ ಕಂದೀಲಿನ ಬೆಳಕಿಗೆ ಪುಸ್ತಕ ಹಿಡಿದು ಕೂಡುತ್ತಿದ್ದರು. ಕಣ್ಣು ಬಲದಿಂದ ಎಡಕ್ಕೆ ಉರ್ದುವಿನ ಮೇಲೆ ಹರಿಯುತ್ತಿದ್ದಂತೆಯೇ ಬಾಯಿಂದ ಬೀದರ ಕನ್ನಡ ಹೊರಡುತ್ತಿತ್ತು. ನಾನು ಕೇಳಿದ ಮೊದಲ ಕಾದಂಬರಿಗಳು ಅವು. ಕಥೆ ಕಟ್ಟಕಡೆಯ ಗಂಡಾಂತರಕ್ಕೆ ಬಂದಾಗ ಪುಸ್ತಕ ಮುಚ್ಚುತ್ತಿದ್ದರು. “ಮುಂದ ಏನಾತಪ್ಪಾ?” ಎಂದರೆ, “ನಾಳಿಗಿ ಹೇಳ್ತೀನಿ, ಈಗ ಮಕ್ಕೋ” ಎಂಬ ಉತ್ತರ.

ಇಬ್ನೆ ಸಫಿ ಎಂಬುದು ಅಸ್ರಾರ್ ಅಹಮದರ ಕಾವ್ಯನಾಮ. ಅಲಹಾಬಾದಿನ ಸೀಮೆಯಲ್ಲಿ 1928ರಲ್ಲಿ ಹುಟ್ಟಿದವರು. 1952ರ ಮಾರ್ಚಿಯಲ್ಲಿ ‘ಜಾಸೂಸಿ ದುನಿಯಾ’ವನ್ನು ಆರಂಭಿಸಿ ಅದೇ ವರ್ಷ ಕರಾಚಿಗೆ ಹೋದರು. ಲೇಖಕ ಗಡಿಯ ಆಚೆಗೆ ಹೋದರೂ ಪುಸ್ತಕಗಳು ಅಲಹಾಬಾದಿನಿಂದಲೂ ಹೊರಬರುತ್ತಲೇ ಇದ್ದವು. 1955ರಿಂದ ಇಮ್ರಾನನೆಂಬ ನಾಯಕನ ಇನ್ನೊಂದು ಮಾಲೆ ಸೇರಿತು. 1980ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಎರಡೂ ಮಾಲೆಗಳು ಸೇರಿ ಇನ್ನೂರಕ್ಕೂ ಹೆಚ್ಚು ಕಾದಂಬರಿಗಳಾಗಿದ್ದವು. ಮೊದಲ ಮಾಲೆಯ ನಾಯಕ ಫರೀದಿ, ಗಂಭೀರ ಸ್ವಭಾವದ ಪೊಲೀಸ್ ಅಧಿಕಾರಿ, ಹೆಂಗಸರಿಂದ ದೂರ ಇರುವವನು. ಅವನ ಜೊತೆಗಾರ ಹಮೀದ್ ಕಂಡ ಕಂಡಲ್ಲಿ ಪ್ರೀತಿಗೆ ಬೀಳುವ ವಿನೋದಪ್ರಿಯ. ಇವರ ಎದುರಾಳಿಗಳಲ್ಲಿ ಸಾಮಾನ್ಯ ಕಳ್ಳಕಾಕರಷ್ಟೇ ಇರಲಿಲ್ಲ; ಭೂಪಟದಲ್ಲಿ ಎಲ್ಲೂ ಇಲ್ಲದ ಜೀರೋಲ್ಯಾಂಡ್ ಎಂಬ ಗುಪ್ತರಾಜ್ಯದವರೂ ಇದ್ದರು. ವಿಜ್ಞಾನದಲ್ಲಿ ಜಗತ್ತಿಗಿಂತ ಬಹಳ ಮುಂದೆ ಹೋದ ಅಪರಾಧಿಗಳ ರಾಜ್ಯವದು. ಪೊಲೀಸರ ತನಿಖೆ, ನಾಳಿನ ಯಂತ್ರ, ಹಗುರವಾದ ಪ್ರಣಯ, ಮೂರೂ ಅಲ್ಲಿ ಒಂದೇ ಪಾತ್ರೆಯಲ್ಲಿ ಬೆಂದಿದ್ದವು.

ಅದೇ ವರ್ಷಗಳಲ್ಲಿ ಭೂಮಿಯ ಇನ್ನೊಂದು ಮಗ್ಗುಲಲ್ಲಿಯೂ ಈ ಪ್ರಯೋಗ ನಡೆದಿತ್ತು. ಅಮೆರಿಕದ ಆಲ್ಫ್ರೆಡ್ ಬೆಸ್ಟರ್ ಅವರ ‘ದಿ ಡೆಮಾಲಿಶ್ಡ್ ಮ್ಯಾನ್’ 1952ರಲ್ಲಿಯೇ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂತು. ಮನಸ್ಸಿನೊಳಗಣ ಆಲೋಚನೆಯನ್ನೇ ಓದಬಲ್ಲ ಪೊಲೀಸರಿರುವ 24ನೆಯ ಶತಮಾನದಲ್ಲಿ ಒಬ್ಬನು ಕೊಲೆ ಮಾಡಿ ದಕ್ಕಿಸಿಕೊಳ್ಳಬಲ್ಲನೆ ಎಂಬುದು ಅದರ ಪ್ರಶ್ನೆ. ತನಿಖೆ ನಡೆಸುವ ಅಧಿಕಾರಿ ಕೊಲೆಯಾದವನ ಮಗಳನ್ನೇ ಪ್ರೀತಿಸುತ್ತಾನೆ. ಎರಡು ವರ್ಷದ ಬಳಿಕ, 1954ರಲ್ಲಿ, ಐಸಾಕ್ ಆಸಿಮೊವ್ ‘ದಿ ಕೇವ್ಸ್ ಆಫ್ ಸ್ಟೀಲ್’ ಪ್ರಕಟಿಸಿದರು. ಅದರಲ್ಲಿ ಮನುಷ್ಯ ಪತ್ತೇದಾರನಿಗೆ ಜೊತೆಗಾರನಾಗಿ ಬರುವುದು ಮನುಷ್ಯನಂತೆಯೇ ಕಾಣುವ ಯಂತ್ರಮಾನವ. ವಿಜ್ಞಾನ ಕಥೆಗೂ ಪತ್ತೇದಾರಿಗೂ ಕೂಡಿಬರುವುದಿಲ್ಲವೆಂದು ಆ ಕಾಲದ ಪ್ರಭಾವಶಾಲಿ ಸಂಪಾದಕ ಜಾನ್ ಕ್ಯಾಂಪ್‌ಬೆಲ್ ಹೇಳುತ್ತಿದ್ದುದನ್ನು ಆಸಿಮೊವ್ ನೆನೆದಿದ್ದಾರೆ. ಆ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಪತ್ತೇದಾರಿಯ ಸೊಗಸು ಇರುವುದು ಓದುಗನಿಗೂ ಪತ್ತೇದಾರನಿಗೂ ಒಂದೇ ಸುಳಿವು ಸಿಗುವುದರಲ್ಲಿ. ಇಕ್ಕಟ್ಟಿಗೆ ಸಿಕ್ಕಿದಾಗಲೆಲ್ಲ ಲೇಖಕನು ಜೇಬಿನಿಂದ ಹೊಸದೊಂದು ಯಂತ್ರ ತೆಗೆದರೆ ಆಟ ಕೆಟ್ಟಂತೆಯೇ. ಆಸಿಮೊವ್ ಕೊಟ್ಟ ಪರಿಹಾರ ಸರಳವಾದದ್ದು: ಆ ಕಾಲದ ಕಟ್ಟಳೆಗಳನ್ನೆಲ್ಲ ಮೊದಲೇ ಓದುಗನ ಮುಂದಿಟ್ಟು, ಆಮೇಲೆ ಅವುಗಳನ್ನು ಮೀರದೆ ಕಥೆ ನಡೆಸುವುದು.

ಪ್ರೀತಿಯನ್ನು ಈ ಕೂಟದ ನಡುಮನೆಗೆ ತಂದವರು ನೋರಾ ರಾಬರ್ಟ್ಸ್. ಜೆ. ಡಿ. ರಾಬ್ ಎಂಬ ಹೆಸರಿನಲ್ಲಿ 1995ರಲ್ಲಿ ಅವರು ತೊಡಗಿದ ಮಾಲೆ ಐವತ್ತು ಪುಸ್ತಕಗಳನ್ನು ದಾಟಿದೆ. ಕಾಲ 2058, ಸ್ಥಳ ನ್ಯೂಯಾರ್ಕ್, ತನಿಖೆ ನಡೆಸುವವಳು ಈವ್ ಡಲಾಸ್ ಎಂಬ ಪೊಲೀಸ್ ಅಧಿಕಾರಿಣಿ. ಸಂದೇಹಕ್ಕೆ ಗುರಿಯಾದ ಶ್ರೀಮಂತನನ್ನೇ ಅವಳು ಪ್ರೀತಿಸತೊಡಗುತ್ತಾಳೆ. ಸಾಕ್ಷ್ಯವನ್ನು ನಂಬಬೇಕೋ ಮನಸ್ಸನ್ನೋ ಎಂಬ ತೊಳಲಾಟವೇ ಅಲ್ಲಿಯ ಕಥೆ. ಅಪ್ಪಟ ಕಾಫಿ ಸಿರಿವಂತರಿಗಷ್ಟೇ ದಕ್ಕುವ ಕಾಲವೆಂದು ಅವರು ಕಲ್ಪಿಸಿರುವುದು ಕೊಡಗು ಚಿಕ್ಕಮಗಳೂರುಗಳ ನಾಡಿನವರಾದ ನಮಗೆ ಒಂದು ಗಳಿಗೆ ಯೋಚನೆ ಹುಟ್ಟಿಸುವಂತಿದೆ.

ಇನ್ನು ಕನ್ನಡಕ್ಕೆ ಬರೋಣ. ಅಪರಾಧದ ಕಥೆ ಹೇಳಲು ನಮ್ಮ ಭಾಷೆ ಬಹಳ ಹಿಂದೆಯೇ ಸಜ್ಜಾಗಿತ್ತು. ಫಿರ್ಯಾದಿ, ವಕೀಲ, ಜಾಮೀನು, ಖೂನಿ, ಕೈದಿ, ಇವೆಲ್ಲ ಪಾರಸಿ ಅರಬ್ಬಿಗಳಿಂದ ಬಂದು ನಮ್ಮವಾದ ಮಾತುಗಳು. ‘ಪತ್ತೇದಾರ’ನ ಬಾಲದಲ್ಲಿರುವ ‘ದಾರ’ ಕೂಡ ಪಾರಸಿಯದೇ. ಬೆಂಗಳೂರಿನಲ್ಲಿ ಎನ್. ನರಸಿಂಹಯ್ಯನವರು 1950ರ ದಶಕದ ಮೊದಲ ವರ್ಷಗಳಲ್ಲಿಯೇ ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿದರು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ಅವರು 2011ರಲ್ಲಿ ನಿಧನರಾಗುವ ಮುನ್ನ ನೂರಾರು ಕಾದಂಬರಿಗಳನ್ನು ಬರೆದಿದ್ದರು. ನಮ್ಮ ಹಳದಿ ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರು ಕೂಡ ಪತ್ತೇದಾರಿ ಕಾದಂಬರಿಕಾರರೆಂಬುದನ್ನು ಇಂದು ನೆನೆಯುವವರು ವಿರಳ. ಟಿ. ಕೆ. ರಾಮರಾಯರು ಈ ಪ್ರಕಾರಕ್ಕೆ ಹದವಾದ ಗದ್ಯವನ್ನು ಕೊಟ್ಟರು. ವಿಜ್ಞಾನ ಕಥೆಯ ದಾರಿಯನ್ನು ರಾಜಶೇಖರ ಭೂಸನೂರಮಠರು ಬೇರೆಯಾಗಿ ತುಳಿದರು. 1993ರಲ್ಲಿ ಬಾಳ ಫೋಂಡಕೆಯವರು ಸಂಪಾದಿಸಿದ ಭಾರತೀಯ ವಿಜ್ಞಾನ ಕಥೆಗಳ ಇಂಗ್ಲಿಷ್ ಸಂಕಲನದಲ್ಲಿ ಅವರ ಕಥೆಯೂ ಇದೆ. ಆದರೆ ವಾಚನಾಲಯದ ಕಪಾಟಿನಲ್ಲಿ ಪತ್ತೇದಾರಿ, ಸಾಮಾಜಿಕ, ವೈಜ್ಞಾನಿಕ ಎಂಬ ಚೀಟಿಗಳು ಬೇರೆ ಬೇರೆಯಾಗಿಯೇ ಉಳಿದವು.

ಚೀಟಿಗಳನ್ನು ಲೆಕ್ಕಿಸದೆ ಬರೆದವರು ಪೂರ್ಣಚಂದ್ರ ತೇಜಸ್ವಿ. 1985ರ ‘ಚಿದಂಬರ ರಹಸ್ಯ’ದಲ್ಲಿ ತನಿಖೆಗೆಂದು ಊರಿಗೆ ಬರುವ ಗುಪ್ತಚರ ಅಧಿಕಾರಿಯಿದ್ದಾನೆ, ವಿಜ್ಞಾನಿಯೊಬ್ಬರ ಸಾವಿದೆ, ಏಲಕ್ಕಿಯ ಇಳುವರಿ ಕುಸಿದ ಒಗಟಿದೆ, ಜಾತಿಮತಗಳ ಗೋಡೆಯ ಎರಡು ಕಡೆ ನಿಂತ ರಫಿ ಜಯಂತಿಯರ ಪ್ರೀತಿಯಿದೆ. ಅಲ್ಲಿ ಭವಿಷ್ಯವು ಯಂತ್ರಮಾನವನ ರೂಪದಲ್ಲಿ ಬರುವುದಿಲ್ಲ. ಕೊನೆಗೆ ಕಾಡು ಹೊತ್ತಿ ಉರಿಯುವಾಗ, ನಮಗೆಲ್ಲ ಕಾದಿರುವ ನಾಳೆ ಇದೇ ಇರಬಹುದೆಂಬ ದಿಗಿಲಾಗಿ ಬರುತ್ತದೆ. 1987ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಾಗ, ಒಗಟು ಬಿಡಿಸುವ ಕಥೆಯೂ ಘನಸಾಹಿತ್ಯವಾಗಬಲ್ಲದೆಂದು ಒಪ್ಪಿದಂತಾಯಿತು.

ಮಾಣಿಕನಗರದ ಮೂಲೆಯ ಮಾತನ್ನು ನಾನು ಮರೆತಿಲ್ಲ. ಅಪ್ಪ ಹೇಳಿದ ಕಥೆಗಳಲ್ಲಿ ಒಂದು ಬಹಳ ಉದ್ದವಾಗಿತ್ತು. ಅದರಲ್ಲಿ ಹಮೀದನು ಕನ್ನಡ ಶಾಲೆಯ ಮಾಸ್ತರತಿಯೊಬ್ಬಳನ್ನು ಪ್ರೀತಿಸುತ್ತಾನೆ. ಅವಳು ಬರೆದ ಕಾಗದಗಳನ್ನು ಓದಲು ಅವನಿಗೆ ಬಾರದು. ಅಷ್ಟರಲ್ಲಿ ಜೀರೋಲ್ಯಾಂಡಿನವರಿಂದ ಒಂದು ಯಂತ್ರ ಜಪ್ತಿಯಾಗುತ್ತದೆ. ಒಂದು ಕಡೆಯಿಂದ ಯಾವ ಲಿಪಿಯ ಕಾಗದ ತೂರಿಸಿದರೂ ಇನ್ನೊಂದು ಕಡೆಯಿಂದ ಬೇಕಾದ ಲಿಪಿಯಲ್ಲಿ ಹೊರಬರುವ ಯಂತ್ರ. ಅದು ಠಾಣೆಯ ಮಾಲಖಾನೆಯಲ್ಲಿದೆ, ಹಮೀದನ ಕೈಗೆ ಎಟುಕುವಂತಿದೆ. ಅವನು ಅದನ್ನು ಮುಟ್ಟುವುದಿಲ್ಲ. ಯಾಕೆಂದು ನಾನು ಕೇಳಿದೆ. “ಮುದ್ದಿಮಾಲ ಮುಟ್ಟಬಾರ್ದು. ಅಕೀ ಕಾಗದಾ ತಾನೇ ಕಲ್ತು ಓದಬೇಕು” ಎಂದರು ಅಪ್ಪ. ಅಡಿಗೆಮನೆಯಲ್ಲಿ ಅವ್ವ ನಕ್ಕದ್ದು ನನಗೆ ನೆನಪಿದೆ. ಅಪ್ಪ ಪರೀಕ್ಷೆ ಪಾಸಾದ ವರ್ಷವೇ ಹಮೀದನೂ ಮೊದಲ ಕಾಗದವನ್ನು ಓದಿದನು.

ಅಪ್ಪ ಹೋದ ಮೇಲೆ ಅವರ ಟ್ರಂಕಿನಲ್ಲಿ ಹನ್ನೊಂದು ಉರ್ದು ಪುಸ್ತಕಗಳು ಸಿಕ್ಕವು. ನನಗೆ ಉರ್ದು ಬಾರದು. ಅಪ್ಪನಿಗೆ ನನ್ನ ಪಾಟಿ ಹೇಗೋ ನನಗೆ ಆ ಪುಸ್ತಕಗಳು ಹಾಗೆ. ಬಹಳ ವರ್ಷ ಅವು ಹಾಗೆಯೇ ಇದ್ದವು. ಕೆಲವನ್ನು ಗೆದ್ದಲು ತಿಂದಿತು. ಈಚೆಗೆ ಮೊಮ್ಮಗನು ತನ್ನ ಮೊಬೈಲನ್ನು ಪುಟದ ಮೇಲೆ ಹಿಡಿದನು. ಉರ್ದುವಿನ ಮೇಲೆ ಮುರುಕು ಮುರುಕಾದ ಕನ್ನಡ ಮೂಡಿತು. ಅಪ್ಪನ ಮಾಲಖಾನೆಯ ಯಂತ್ರ ಅರವತ್ತು ವರ್ಷಗಳ ಮೇಲೆ ನಮ್ಮ ಪಡಸಾಲೆಗೆ ಬಂದಿತ್ತು. ಅದು ತಡವರಿಸಿದಲ್ಲೆಲ್ಲ ಉರ್ದು ಕಲಿಸಿ ನಿವೃತ್ತರಾದ ಹಿರಿಯ ಸ್ನೇಹಿತರೊಬ್ಬರು ಓದಿ ಹೇಳಿದರು. ಉಳಿದ ಪುಸ್ತಕಗಳನ್ನೆಲ್ಲ ಓದಿಸಿದೆ. ಕೊಲೆಗಳಿದ್ದವು, ಫರೀದಿಯ ಜಾಣತನವಿತ್ತು, ಹಮೀದನ ಚೇಷ್ಟೆಗಳಿದ್ದವು. ಕನ್ನಡ ಮಾಸ್ತರತಿ ಎಲ್ಲಿಯೂ ಇರಲಿಲ್ಲ. ಲಿಪಿ ಬದಲಿಸುವ ಯಂತ್ರವೂ ಇರಲಿಲ್ಲ. ಪುಟ ನೋಡುತ್ತಿದ್ದಂತೆ ತೋರಿಸಿಕೊಂಡು ಅಪ್ಪ ತಮ್ಮದೇ ಕಾದಂಬರಿಯನ್ನು ಹೇಳಿದ್ದರು.

ಆ ಕಾದಂಬರಿಯಲ್ಲಿ ಪೊಲೀಸರಿದ್ದರು, ಮುಂದಿನ ಕಾಲದ ಯಂತ್ರವಿತ್ತು, ಪ್ರೀತಿಯಿತ್ತು. ನಡುವಯಸ್ಸಿನಲ್ಲಿ ಮನೆಮಾತಿನ ಅಕ್ಷರಗಳನ್ನು ಮೊದಲಿನಿಂದ ಕಲಿಯಬೇಕಾಗಿ ಬಂದ ಮನುಷ್ಯನ ಅಂಜಿಕೆಯೂ ಅಭಿಮಾನವೂ ಅದರೊಳಗಿದ್ದವು. ಭವಿಷ್ಯದ ಕಥೆ ಹೇಳುವವನು ತನ್ನ ಇಂದಿನ ಇಕ್ಕಟ್ಟನ್ನೇ ಹೇಳುತ್ತಿರುತ್ತಾನೆಂಬುದನ್ನು ನಾನು ಬೆಸ್ಟರ್, ಆಸಿಮೊವ್ ಅವರಿಂದ ಕಲಿಯಲಿಲ್ಲ. ಆ ಟ್ರಂಕಿನಿಂದ ಕಲಿತೆ.

ಸಾಹಿತ್ಯ ಚರಿತ್ರೆಯನ್ನು ಬರೆಯುವವರು ಅಚ್ಚಾದದ್ದನ್ನು ಎಣಿಸುತ್ತಾರೆ. ಅಚ್ಚಾದದ್ದರಲ್ಲಿಯೂ ಬಾಡಿಗೆಗೆ ಓಡಾಡಿ ಹರಿದುಹೋದ ಪತ್ತೇದಾರಿ ಪುಸ್ತಕಗಳನ್ನು ಕಾಪಾಡಿದವರು ಕೆಲವರೇ. ಬಾಯಿಂದ ಬಾಯಿಗೆ ಬಂದ ಕಾದಂಬರಿಗಳನ್ನು ಎಣಿಸುವ ಬಗೆಯಂತೂ ಇನ್ನೂ ಹುಟ್ಟಿಲ್ಲ. ಬೀದರ, ಕಲಬುರ್ಗಿ, ರಾಯಚೂರುಗಳಲ್ಲಿ ಉರ್ದು ಓದಿ ಕನ್ನಡದಲ್ಲಿ ಹೇಳಿದ ಹಿರಿಯರು ಇನ್ನೂ ಕೆಲವರಿರಬಹುದು. ಅವರಿಂದ ಕೇಳಿದ ಮಕ್ಕಳಂತೂ ಇದ್ದೇವೆ. ನೆನಪಿರುವಷ್ಟನ್ನು ಬರೆದಿಡೋಣ. ಮೂಲದಲ್ಲಿ ಇದ್ದದ್ದೆಷ್ಟು, ಹೇಳಿದವರು ಸೇರಿಸಿದ್ದೆಷ್ಟು ಎಂಬ ಪತ್ತೇದಾರಿಯನ್ನು ಮುಂದಿನವರು ನಡೆಸಲಿ. ನಾನು ಅಪ್ಪನ ಕಥೆಯಿಂದ ಆರಂಭಿಸಿದ್ದೇನೆ. ಒಂದು ನೋಟುಪುಸ್ತಕ ತುಂಬಿದೆ, ಹಮೀದನು ಇನ್ನೂ ಕಾಗುಣಿತದಲ್ಲಿದ್ದಾನೆ.