ಶಿಷ್ಯನಿಗೆ ತಬಲಾ ನುಡಿಸಿದ ಗುರು

1936ರಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ 600ನೆಯ ವರ್ಷದ ಉತ್ಸವವು ಹಂಪೆಯಲ್ಲಿ ಜರುಗಿತು. ಆ ಮಹಾಸಭೆಯಲ್ಲಿ ಹಾಡಲು ಕುಳಿತವನು ಹದಿನಾರರ ಆಸುಪಾಸಿನ ಬಾಲಕ, ಯಲಿವಾಳದ ಬಸವರಾಜ ರಾಜಗುರು. ತಬಲಾ ಸಾಥಿಗೆ ಕುಳಿತವರು ಬೇರಾರೂ ಅಲ್ಲ, ಆತನ ಗುರುಗಳಾದ ಗಾನಯೋಗಿ ಪಂಚಾಕ್ಷರ ಗವಾಯಿಗಳು. ಕಛೇರಿಯಲ್ಲಿ ಗಾಯಕನದು ಮೊದಲ ಸ್ಥಾನ, ಸಾಥಿದಾರನದು ಅನಂತರದ್ದು. ಹಿಂದುಸ್ತಾನಿ ಮತ್ತು ಕರ್ನಾಟಕ ಪದ್ಧತಿಗಳೆರಡರಲ್ಲಿಯೂ ಪಾರಂಗತರಾಗಿ ‘ಉಭಯಗಾನ ವಿಶಾರದ’ರೆನಿಸಿದ್ದ ಗುರುಗಳು ಅಂದು ಶಿಷ್ಯನಿಗೆ ಮುಂದಿನ ಪೀಠವನ್ನು ಬಿಟ್ಟುಕೊಟ್ಟು, ಅವನ ಲಯ ತಪ್ಪದಂತೆ ಕಾಯುವ ಕೆಲಸವನ್ನು ತಾವು ವಹಿಸಿಕೊಂಡರು. ಪೂಜ್ಯರ ಮಹಿಮೆಗಳನ್ನು ಭಕ್ತಿಯಿಂದ ಹೇಳುವವರು ಈ ಪುಟ್ಟ ಸಂಗತಿಯನ್ನು ಮರೆಯುವುದುಂಟು. ಆದರೆ ಯಾವ ಪವಾಡಕ್ಕೂ ಇದು ಕಡಿಮೆಯಾದುದಲ್ಲ.

ಗವಾಯಿಗಳು 1892ರಲ್ಲಿ ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟುಕುರುಡರಾಗಿ ಜನಿಸಿದರು. ಪೂರ್ವಾಶ್ರಮದ ಹೆಸರು ಗದಿಗೆಯ್ಯ. ಅಂದಿನ ಕಾಲದಲ್ಲಿ ಬಡಮನೆಯ ಅಂಧ ಮಗುವಿಗೆ ತೆರೆದಿದ್ದ ದಾರಿ ಬಹುಮಟ್ಟಿಗೆ ಒಂದೇ: ಊರ ಬಾಗಿಲಲ್ಲಿ ಕೈಯೊಡ್ಡುವುದು. ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳು ಈ ಬಾಲಕನ ಕಂಠವನ್ನು ಗುರುತಿಸಿ ಕೈಹಿಡಿದರು, ವಿದ್ಯೆಗೆ ಏರ್ಪಾಡು ಮಾಡಿದರು. ಗ್ವಾಲಿಯರ್ ಘರಾನೆಯ ನೀಲಕಂಠಬುವಾ ಮಿರಜಕರರಿಂದ ಹಿಂದುಸ್ತಾನಿ ಸಂಗೀತವು ಲಭಿಸಿತು. ತಾವು ಪಡೆದುದನ್ನು ತಮ್ಮಂತೆಯೇ ಅಂಧರಾದ, ಅನಾಥರಾದ ಮಕ್ಕಳಿಗೆ ಉಣಬಡಿಸುವುದೇ ಗವಾಯಿಗಳ ಬಾಳಿನ ಕಾಯಕವಾಯಿತು.

ಅವರ ಪಾಠಶಾಲೆಗೆ ಬಹುಕಾಲ ಸ್ವಂತ ಕಟ್ಟಡವೆಂಬುದಿರಲಿಲ್ಲ. ಗುರುವೂ ಶಿಷ್ಯರೂ ವಾದ್ಯಗಳ ಸಹಿತ ಊರಿಂದೂರಿಗೆ ಸಂಚರಿಸುತ್ತಿದ್ದರು. ಪಾಠಕ್ಕಿಂತ ಮೊದಲು ಪ್ರಸಾದದ ಚಿಂತೆ. ಹಸಿದ ಮಗುವಿಗೆ ಸ್ವರಸ್ಥಾನ ಹೇಳಿ ಫಲವೇನು? ಭಕ್ತರು ನೀಡಿದ ಕಾಳುಕಡ್ಡಿ ಸಾಲದಾದಾಗ ನಾಟಕ ಕಂಪನಿಯನ್ನೇ ಕಟ್ಟಿದರು. ಮಠದ ಮರಿಗಳು ಬಣ್ಣ ಹಚ್ಚುವುದೇ ಎಂದು ಮೂಗು ಮುರಿಯಬಹುದಾಗಿದ್ದ ಕಾಲವದು. ಗವಾಯಿಗಳ ದೃಷ್ಟಿಯಲ್ಲಿ ಮಾತ್ರ ರಂಗಭೂಮಿಯ ಗಳಿಕೆ ದಾಸೋಹದ ಅಕ್ಕಿಯಾಗಿತ್ತು. ಕಣ್ಣಿಲ್ಲದವನೂ ದುಡಿದು ಉಣ್ಣಬಲ್ಲನು, ಹತ್ತು ಮಂದಿಗೆ ಉಣಿಸಬಲ್ಲನು ಎಂಬುದನ್ನು ಆ ಮಕ್ಕಳು ಉಪದೇಶದಿಂದ ಕಲಿಯಲಿಲ್ಲ, ಗುರುವಿನ ನಿತ್ಯದ ಬದುಕಿನಿಂದ ಕಲಿತರು. ಕಣ್ಣುಳ್ಳ ಗುರುವೊಬ್ಬ ಇದೇ ಮಾತನ್ನು ಎಷ್ಟು ಸಲ ಹೇಳಿದ್ದರೂ ಅವರಿಗೆ ನಂಬಿಕೆ ಬರುತ್ತಿತ್ತೋ ಇಲ್ಲವೋ!

ಹಾವೇರಿ ಸಮೀಪದ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ, ಹಸುಳೆತನದಲ್ಲಿಯೇ ದೃಷ್ಟಿ ಕಳೆದುಕೊಂಡ ಪುಟ್ಟರಾಜನು ಸೋದರಮಾವನ ಕೈಹಿಡಿದು ಬಂದು ಸೇರಿದುದು ಈ ಸಂಚಾರಿ ಬಳಗವನ್ನೇ. ಹಾಡುಗಾರಿಕೆಯೊಡನೆ ಹಾರ್ಮೋನಿಯಂ, ತಬಲಾ, ಸಾರಂಗಿ, ವಯಲಿನ್ ಮುಂತಾದ ವಾದ್ಯಗಳೂ ಆತನಿಗೆ ಒಲಿದವು. ವಿದ್ಯೆಯ ಜೊತೆಗೆ ಹೊಣೆಯೂ ಬೆಳೆಯಿತು. ನಾಟಕಗಳನ್ನು ರಚಿಸುವುದು, ಕಂಪನಿಯನ್ನು ನಡೆಸುವುದು, ಕಿರಿಯರಿಗೆ ಪಾಠ ಹೇಳುವುದು ಇವೆಲ್ಲವೂ ಕ್ರಮೇಣ ಆತನ ಪಾಲಿಗೆ ಬಂದವು.

1944ರ ಜೂನ್ ತಿಂಗಳಲ್ಲಿ ಪಂಚಾಕ್ಷರ ಗವಾಯಿಗಳು ಗದಗಿನಲ್ಲಿ ಲಿಂಗೈಕ್ಯರಾದರು. ಆಗ ಅವರಿಗೆ ಕೇವಲ 52 ವರ್ಷ. ಅವರನ್ನೇ ನಂಬಿದ್ದ ಮಕ್ಕಳು ಮತ್ತೆ ಬೀದಿಗೆ ಬೀಳುವ ಭಯವು ಸಣ್ಣದಾಗಿರಲಿಲ್ಲ. ವೀರೇಶ್ವರ ಪುಣ್ಯಾಶ್ರಮದ ಭಾರವನ್ನು ಹೊತ್ತವರು ಮೂವತ್ತರ ಹರೆಯದ ಪುಟ್ಟರಾಜ ಗವಾಯಿಗಳು. ಜಾತಿಮತಗಳನ್ನು ಕೇಳದೆ ಮಕ್ಕಳನ್ನು ಬರಮಾಡಿಕೊಂಡರು, ಅನ್ನವಿಟ್ಟು ಸಂಗೀತ ಕಲಿಸಿದರು. ಕನ್ನಡ, ಸಂಸ್ಕೃತ, ಹಿಂದಿ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. 2010ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದಿತು. ಅದೇ ವರ್ಷದ ಸೆಪ್ಟೆಂಬರ್ 17ರಂದು ಅವರು ಲಿಂಗೈಕ್ಯರಾಗುವವರೆಗೆ, 66 ವರ್ಷಗಳ ಕಾಲ, ಆಶ್ರಮದ ಒಲೆ ಆರಲಿಲ್ಲ. ಇಂದು ಗುರುಶಿಷ್ಯರಿಬ್ಬರ ಗದ್ದುಗೆಗಳೂ ಆ ಆಶ್ರಮದ ಆವರಣದಲ್ಲಿಯೇ ಇವೆ.