ನಿಂತು ತಿನ್ನುವ ತಿಂಡಿಯ ಹಿಂದಿನ ಕಥೆ

ಬೆಂಗಳೂರಿನ ದಕ್ಷಿಣಕ್ಕೆ ಬನಶಂಕರಿ ಮೂರನೇ ಹಂತದ ಮಗ್ಗುಲಲ್ಲಿರುವ ಇಟ್ಟಮಡುವಿನಲ್ಲಿ ಬೆಳಗಾಗುವುದು ಹೋಟೆಲುಗಳ ಇಡ್ಲಿ ಪಾತ್ರೆಯ ಹಬೆಯೊಂದಿಗೆ. ಏಳು ಗಂಟೆಗೆಲ್ಲ ಗಲ್ಲಾಪೆಟ್ಟಿಗೆಯ ಮುಂದೆ ಸಾಲು. ಚೀಟಿ ಕೊಳ್ಳುವುದು, ತಟ್ಟೆ ಹಿಡಿಯುವುದು, ಎತ್ತರದ ಮೇಜಿನ ಬಳಿ ಜಾಗ ಹುಡುಕುವುದು. ಆಟೋ ಚಾಲಕರು, ವಾಯುವಿಹಾರ ಮುಗಿಸಿ ಬಂದ ನಿವೃತ್ತರು, ಗಾರೆ ಕೆಲಸಕ್ಕೆ ಹೊರಟವರು, ಕಂಪ್ಯೂಟರ್ ಕಂಪನಿಯ ಹುಡುಗರು, ಮಗುವಿನ ಬಾಯಿಗೆ ಕೇಸರಿಬಾತ್ ಇಡುತ್ತಿರುವ ತಾಯಂದಿರು, ಎಲ್ಲರೂ ಒಂದೇ ಮೇಜಿನ ಸುತ್ತ. ದಿನವೂ ಬರುವವರಿಗೆ ಕೌಂಟರಿನವರು 'ಏನ್ ಸಾರ್, ಮಾಮೂಲಿಯೇ?' ಎಂದು ಕೇಳುವಷ್ಟು ಸಲಿಗೆ. ನೋಡಿದವರಿಗೆ ಇದು ಅನಾದಿಕಾಲದಿಂದ ನಡೆದುಬಂದ ರೂಢಿಯಂತೆ ಕಾಣಬಹುದು. ಆದರೆ ಅಪರಿಚಿತರು ಭುಜಕ್ಕೆ ಭುಜ ತಾಗಿಸಿಕೊಂಡು ತಿಂಡಿ ತಿನ್ನುವ ಈ ಪದ್ಧತಿಗೆ ಇನ್ನೂ ನೂರು ವರ್ಷ ತುಂಬಿಲ್ಲ.

ಈ ಭಾಗದ ಊರುಗಳ ಹೆಸರುಗಳನ್ನೇ ಗಮನಿಸಿ. ಮಡು ಎಂದರೆ ಆಳವಾಗಿ ನೀರು ನಿಲ್ಲುವ ಜಾಗ. ಪಕ್ಕದಲ್ಲಿ ಹೊಸಕೆರೆಹಳ್ಳಿ, ಇನ್ನೊಂದು ಕಡೆ ಚೆನ್ನಮ್ಮನಕೆರೆ ಅಚ್ಚುಕಟ್ಟು. ಕೆರೆಯ ನೀರು ಹರಿದು ಬೆಳೆ ಬೆಳೆಯುವ ಭೂಮಿಗೆ ಅಚ್ಚುಕಟ್ಟು ಎನ್ನುತ್ತಾರೆ. ನಗರ ಬಂದು ನುಂಗುವ ಮೊದಲು ಇವು ಹೊಲ, ಗದ್ದೆ, ತೋಟಗಳ ಹಳ್ಳಿಗಳು. ಹಳೆ ಮೈಸೂರು ಸೀಮೆಯ ರೈತನ ಬೆಳಗಿನ ಆಹಾರವೆಂದರೆ ರಾತ್ರಿ ಉಳಿದ ರಾಗಿ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿದ್ದು, ಇಲ್ಲವೇ ಅಂಬಲಿ, ಜೊತೆಗೊಂದು ಈರುಳ್ಳಿ. ಇಡ್ಲಿ, ದೋಸೆಗಳು ಹಬ್ಬ ಹರಿದಿನಕ್ಕೆ, ನೆಂಟರು ಬಂದ ದಿನಕ್ಕೆ. 'ತಿಂಡಿ ಆಯ್ತಾ?' ಎಂಬುದು ಕುಶಲ ಪ್ರಶ್ನೆಯಾದದ್ದು ಗಡಿಯಾರ ನೋಡಿಕೊಂಡು ಮನೆ ಬಿಡುವ ಜನ ಹೆಚ್ಚಿದ ಮೇಲೆ.

ಹಾಗೆಂದು ಇಡ್ಲಿ ಹೊಸದಲ್ಲ. ಹತ್ತನೇ ಶತಮಾನದ 'ವಡ್ಡಾರಾಧನೆ'ಯಲ್ಲಿ 'ಇಡ್ಡಲಿಗೆ'ಯ ಪ್ರಸ್ತಾಪವಿದೆ. ಚಾವುಂಡರಾಯನ 'ಲೋಕೋಪಕಾರ'ದಲ್ಲೂ, ಚಾಳುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲೂ ಅದರ ಮಾತು ಬರುತ್ತದೆ. ಅಂದಿನದು ಬರಿಯ ಉದ್ದಿನ ಹಿಟ್ಟಿನದು. ಅಕ್ಕಿ ಸೇರಿ ಇಂದಿನ ಬಿಳುಪು, ಮೆದುತನ ಬಂದದ್ದು ಆಮೇಲೆ. ಅಂದರೆ ತಿನಿಸಿಗೆ ಸಾವಿರ ವರ್ಷ. ಅದನ್ನು ದುಡ್ಡು ಕೊಟ್ಟು ಬೀದಿಯಲ್ಲಿ ತಿನ್ನುವ ಧೈರ್ಯಕ್ಕೆ ಮಾತ್ರ ಒಂದು ಶತಮಾನಕ್ಕಿಂತ ಸ್ವಲ್ಪ ಹೆಚ್ಚು.

ಧೈರ್ಯ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಯಾರು ಬೇಯಿಸಿದರು, ಯಾರು ಬಡಿಸಿದರು, ಪಕ್ಕದಲ್ಲಿ ಯಾರು ಕುಳಿತರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗದೆ ನಮ್ಮ ಹಿರಿಯರು ಹೊರಗೆ ತುತ್ತು ಎತ್ತುತ್ತಿರಲಿಲ್ಲ. ದೂರ ಹೊರಟವರು ಬುತ್ತಿ ಕಟ್ಟಿಕೊಳ್ಳುತ್ತಿದ್ದರು. ಛತ್ರಗಳಲ್ಲಿ ತಾವೇ ಒಲೆ ಹೂಡುತ್ತಿದ್ದರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಊರು ಬಿಟ್ಟು ಬಂದ ಗುಮಾಸ್ತರು, ವಿದ್ಯಾರ್ಥಿಗಳು ಪಟ್ಟಣಗಳಲ್ಲಿ ಸೇರತೊಡಗಿದಾಗ ಈ ಮಡಿಯೇ ದೊಡ್ಡ ತೊಡಕಾಯಿತು. ಅದಕ್ಕೆ ಕಂಡುಕೊಂಡ ಉಪಾಯ 'ಬ್ರಾಹ್ಮಣರ ಹೋಟೆಲು' ಎಂಬ ಬೋರ್ಡು. ಅಡಿಗೆಯವನ ಜಾತಿಯನ್ನು ಬಾಗಿಲಲ್ಲೇ ಬರೆದು ಹಾಕಿದರೆ ಗಿರಾಕಿಗೆ ಸಮಾಧಾನ. ಆದರೆ ಆ ಬೋರ್ಡು ಒಬ್ಬನನ್ನು ಒಳಗೆ ಕರೆದಂತೆ ಇನ್ನೊಬ್ಬನನ್ನು ಹೊರಗೇ ನಿಲ್ಲಿಸಿತು. ಒಳಗೆ ಬಂದವರಲ್ಲೂ ಬ್ರಾಹ್ಮಣರಿಗೇ ಬೇರೆ ಪಂಕ್ತಿ, ಬೇರೆ ಕೋಣೆ ಇಟ್ಟ ಹೋಟೆಲುಗಳಿದ್ದವು. ದಲಿತರಿಗಂತೂ ಪ್ರವೇಶವೇ ಇರಲಿಲ್ಲ. ನಮ್ಮ ಹೋಟೆಲುಗಳ ಬಗ್ಗೆ ಬರೆಯುವವರು ತುಪ್ಪದ ಘಮವನ್ನು ವರ್ಣಿಸುವಾಗ ಈ ಭಾಗವನ್ನು ಹಾರಿಸಿಬಿಡುವುದುಂಟು.

ಅಡಿಗೆಯವರು ಬಂದದ್ದು ಬಹುಮಟ್ಟಿಗೆ ದಕ್ಷಿಣ ಕನ್ನಡದಿಂದ. ಉಡುಪಿಯ ಮಠಗಳ ಸುತ್ತ ದೊಡ್ಡ ಪ್ರಮಾಣದಲ್ಲಿ ಅಡಿಗೆ ಮಾಡುವ ಕಸುಬು ಬೆಳೆದಿತ್ತು. ಜಮೀನು ಕಡಿಮೆ, ಮನೆಯಲ್ಲಿ ಮಕ್ಕಳು ಹೆಚ್ಚು. ಸಾಲದ್ದಕ್ಕೆ 1923ರ ಮಹಾ ನೆರೆ ಕರಾವಳಿಯ ಅನೇಕ ಕುಟುಂಬಗಳನ್ನು ನೆಲೆ ತಪ್ಪಿಸಿತು. ಹತ್ತು ಹನ್ನೆರಡು ವರ್ಷದ ಹುಡುಗರು ಘಟ್ಟ ಹತ್ತಿ ಬಂದು ಲೋಟ ತೊಳೆಯುವುದರಿಂದ ಆರಂಭಿಸಿ, ರುಬ್ಬುವ ಕಲ್ಲಿನ ಮುಂದೆ ರಾತ್ರಿ ಕಳೆದು, ಮಾಣಿಯಾಗಿ, ಭಟ್ಟರಾಗಿ, ಕೆಲವರು ಮಾಲೀಕರೂ ಆದರು. ಮೇಲೆ ಬಂದವರ ಹೆಸರು ಉಳಿದಿದೆ. ಕಲ್ಲಿನ ಮುಂದೆಯೇ ಉಳಿದವರ ಲೆಕ್ಕವಿಲ್ಲ.

ಪರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಲಾಲ್‌ಬಾಗಿನ ಬಳಿ ತೆರೆದದ್ದು 'ಬ್ರಾಹ್ಮಣ ಕಾಫಿ ಕ್ಲಬ್'. ಅದೇ 1960ರಲ್ಲಿ ಈಗಿನ ಕಟ್ಟಡಕ್ಕೆ ಬಂದು ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂ.ಟಿ.ಆರ್. ಆಯಿತು. ಬೋರ್ಡಿನಿಂದ ಜಾತಿ ಇಳಿದು ಬಡಾವಣೆಯ ಹೆಸರು ಏರಿದ್ದು ಸಣ್ಣ ಸಂಗತಿಯೇನಲ್ಲ. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪು ಸುತ್ತಿ ಬಂದು, ಅಲ್ಲಿಯ ಶುಚಿತ್ವವನ್ನು ಕಂಡು, ತಟ್ಟೆ ಲೋಟಗಳನ್ನು ಹಬೆಯಲ್ಲಿ ಶುದ್ಧಿ ಮಾಡುವ ಕ್ರಮ ತಂದರು. ಅಡಿಗೆಮನೆಯನ್ನು ಹಾದುಹೋಗಿಯೇ ಗಿರಾಕಿಗಳು ಊಟದ ಕೋಣೆ ಸೇರಬೇಕಾಗಿತ್ತು. ಮಡಿಯ ಜಾಗದಲ್ಲಿ ಶುಚಿತ್ವ ಬಂದು ಕುಳಿತದ್ದು ಹೀಗೆ. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ತತ್ವಾರವಾದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದ್ದೂ ತಾವೇ ಎಂಬುದು ಆ ಹೋಟೆಲಿನವರ ಮಾತು.

ಗಾಂಧಿಬಜಾರಿನ ವಿದ್ಯಾರ್ಥಿ ಭವನ ಯುದ್ಧದ ನಡುವೆಯೇ, 1943ರಲ್ಲಿ, ವೆಂಕಟರಮಣ ಉರಾಳರಿಂದ ಆರಂಭವಾಯಿತು. ಹೆಸರೇ ಹೇಳುವಂತೆ ಸುತ್ತಮುತ್ತಲ ವಿದ್ಯಾರ್ಥಿಗಳಿಗಾಗಿ ಹುಟ್ಟಿದ್ದು; 1970ರಿಂದ ಅಡಿಗರ ಕುಟುಂಬ ನಡೆಸುತ್ತಿದೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರದು. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ ಎಂಬ ಪುಟ್ಟ ಪಟ್ಟಿ, ಸಾಂಬಾರಿನ ಮಾತೇ ಇಲ್ಲ, ಚಟ್ನಿ ಮಾತ್ರ ಕೇಳಿದಷ್ಟು. ಹೆಸರಿನಲ್ಲಿ ಹಳೆಯ ಕಾಲ ಉಳಿದಿದ್ದರೂ ಅದರ ಮುಂದಿನ ರಸ್ತೆಯಲ್ಲಿ ನಿಂತು ತಿನ್ನುವವರನ್ನು ಯಾರೂ ಜಾತಿ ಕೇಳುವುದಿಲ್ಲ.

ಕೇಳದಿರುವುದು ತಾನಾಗಿ ಬಂದದ್ದಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳಿಗೆ ಪ್ರವೇಶವನ್ನು ಜಾತಿಯ ಕಾರಣದಿಂದ ತಡೆಯಬಾರದು ಎನ್ನುತ್ತದೆ. ಬಾವಿ, ಕೆರೆ, ಸ್ನಾನಘಟ್ಟಗಳಿಗೆ ಮೊದಲೇ ಅಲ್ಲಿ ಹೋಟೆಲಿನ ಹೆಸರು ಬಂದಿರುವುದನ್ನು ಓದುಗರು ಗಮನಿಸಬೇಕು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಇದಕ್ಕೆ ಶಿಕ್ಷೆಯ ಬಲ ಕೊಟ್ಟಿತು. ಹಳ್ಳಿಗಳ ಚಹಾ ಅಂಗಡಿಗಳಲ್ಲಿ ಬೇರೆ ಲೋಟದ ಪದ್ಧತಿ ಅದರ ನಂತರವೂ ಬಹುಕಾಲ ನಡೆಯಿತು ಎಂಬುದು ಬೇರೆ ಮಾತು.

ಮಿಲಿಟರಿ ಹೋಟೆಲುಗಳನ್ನೂ ಇಲ್ಲಿ ನೆನೆಯಬೇಕು. ಬೆಂಗಳೂರಿನ ಬೆಳಗಿನ ತಿಂಡಿ ಎಂದರೆ ಸಸ್ಯಾಹಾರ ಮಾತ್ರ ಎಂದು ತಿಳಿದವರು ಇಡ್ಲಿಯ ಜೊತೆ ಕಾಲುಸೂಪು, ಕೈಮಾ ಬಡಿಸುವ ಈ ಹೋಟೆಲುಗಳ ಕಡೆ ಹಾಯ್ದಿಲ್ಲ ಎಂದೇ ಅರ್ಥ.

ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ಹೋಟೆಲು ತಿಂಡಿಗಳ ಬೆಲೆಯನ್ನು ಬಲವಂತವಾಗಿ ಇಳಿಸಿತು. ಗುಣ ಕೆಡಿಸಲು ಒಪ್ಪದ ಎಂ.ಟಿ.ಆರ್. ನಷ್ಟ ಅನುಭವಿಸಿ ಕೊನೆಗೆ ಬಾಗಿಲು ಹಾಕಿತು. ಹೋಟೆಲು ಪುನಃ ತೆರೆಯಿತಾದರೂ, ಆ ಬಿಕ್ಕಟ್ಟಿನಲ್ಲಿ ಕೈಹಿಡಿದ ಸಿದ್ಧ ಹಿಟ್ಟು, ಮಸಾಲೆ ಪುಡಿಗಳ ವ್ಯಾಪಾರ ಹೋಟೆಲಿಗಿಂತ ದೊಡ್ಡದಾಯಿತು. 2007ರಲ್ಲಿ ಅದನ್ನು ನಾರ್ವೆ ದೇಶದ ಕಂಪನಿಯೊಂದು ಕೊಂಡಿತು. ಅದೇ ದಶಕದಲ್ಲಿ, 1974ರಲ್ಲಿ, ಉಳುವವನಿಗೆ ಭೂಮಿ ಕೊಟ್ಟ ಭೂಸುಧಾರಣೆಯಿಂದಾಗಿ ಗೇಣಿಯನ್ನೇ ನಂಬಿದ್ದ ಕರಾವಳಿಯ ಮನೆತನಗಳ ಇನ್ನಷ್ಟು ಮಕ್ಕಳು ಹೋಟೆಲು ಕಸುಬಿಗೆ ಬಂದರು. ಆ ಹೊತ್ತಿಗೆ ಬಂಟರು, ಬಿಲ್ಲವರು ಮೊದಲಾಗಿ ಕರಾವಳಿಯ ಎಲ್ಲ ಸಮುದಾಯದವರೂ ಈ ವೃತ್ತಿಯಲ್ಲಿದ್ದರು.

ಇಟ್ಟಮಡುವಿನ ಮೇಜಿಗೆ ನೇರ ಪೂರ್ವಜ ಹುಟ್ಟಿದ್ದು 1983ರಲ್ಲಿ, ಜಯನಗರದಲ್ಲಿ. ಆರ್. ಪ್ರಭಾಕರ್ ಅವರು ರೂಪಿಸಿದ 'ದರ್ಶಿನಿ' ಮಾದರಿಯ ಲೆಕ್ಕಾಚಾರ ಸರಳ. ಕುರ್ಚಿ ಇಲ್ಲ, ಆದ್ದರಿಂದ ಹರಟುತ್ತ ಕೂರುವವರಿಲ್ಲ. ಸರ್ವರ್ ಇಲ್ಲ, ಆದ್ದರಿಂದ ಸಂಬಳವೂ ಇಲ್ಲ, ಟಿಪ್ಸೂ ಇಲ್ಲ. ಹಣ ಮೊದಲೇ ಕೊಡಬೇಕು. ಸಣ್ಣ ಮಳಿಗೆ ಸಾಕು, ಬಾಡಿಗೆ ಕಡಿಮೆ. ಕುಳಿತು ತಿನ್ನುವ ಹೋಟೆಲಿನಲ್ಲಿ ಒಬ್ಬ ಗಿರಾಕಿ ತಿಂದೇಳುವ ಹೊತ್ತಿಗೆ ಇಲ್ಲಿ ಮೂವರು ನಾಲ್ವರು ಮುಗಿಸಿರುತ್ತಾರೆ. ಉಳಿದ ದುಡ್ಡು ಅಗ್ಗದ ಬೆಲೆಯಾಗಿ ಗಿರಾಕಿಗೆ ತಲುಪಿತು. ಅಡಿಗೆಮನೆ ಕಣ್ಣೆದುರೇ ಇರುವುದರಿಂದ ದರ್ಶಿನಿ ಎಂಬ ಹೆಸರೂ ಒಪ್ಪುತ್ತದೆ. ಪರದೇಶದ ದಿಢೀರ್ ತಿನಿಸಿನ ಅಂಗಡಿಗಳ ವ್ಯವಸ್ಥೆಯನ್ನು ಇಡ್ಲಿ ವಡೆಗೆ ಹೊಂದಿಸಿದ ಜಾಣತನ ಅದು.

ಆದರೆ ಲೆಕ್ಕದಲ್ಲಿ ಇಲ್ಲದ ಒಂದು ಪರಿಣಾಮವೂ ಆಯಿತು. ಪಂಕ್ತಿ ಇರಬೇಕಾದರೆ ಕೂರುವ ಜಾಗ ಬೇಕು. ಕುರ್ಚಿಯೇ ಇಲ್ಲದ ಕಡೆ ಬೇರೆ ಕೋಣೆ ಎಲ್ಲಿಂದ ಬರಬೇಕು? ಮೇಜಿನಲ್ಲಿ ಎಲ್ಲಿ ತೆರಪಿದೆಯೋ ಅಲ್ಲಿ ತಟ್ಟೆ ಇಡಬೇಕು. ಪಕ್ಕದವರು ಯಾರೆಂದು ಕೇಳಲು ಪುರುಸೊತ್ತಿಲ್ಲ. ಅವರ ಸಾಂಬಾರಿನ ಬಟ್ಟಲು ನಮ್ಮ ತಟ್ಟೆಗೆ ತಾಗುತ್ತಿರುತ್ತದೆ. ಕಾನೂನು ತೆರೆದ ಬಾಗಿಲಿನಿಂದ ಜನ ಒಳಗೆ ಬಂದರು. ಅವರನ್ನು ಬೆರೆಸಿದ್ದು ಬಹುಪಾಲು ಬೆಳಗಿನ ಅವಸರ. ಸುಧಾರಕರ ಭಾಷಣಗಳಿಗಿಂತ ಬಾಡಿಗೆ ಉಳಿಸುವ ಚಿಂತೆ ಇಲ್ಲಿ ಹೆಚ್ಚು ಕೆಲಸ ಮಾಡಿತು ಎಂದರೆ ಅತಿಶಯೋಕ್ತಿಯಾಗಲಾರದು.

ನಗರಾಭಿವೃದ್ಧಿ ಪ್ರಾಧಿಕಾರದ ಬಡಾವಣೆಗಳು ಬನಶಂಕರಿಯ ಕಡೆ ಹಬ್ಬಿದಂತೆ ದರ್ಶಿನಿಗಳೂ ಹಿಂದೆಯೇ ಬಂದವು. ಗಂಡ ಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವ ಮನೆಗಳು, ಒಂಟಿ ಕೋಣೆಯ ಬಾಡಿಗೆದಾರರು, ಅಡಿಗೆ ಮಾಡಿಕೊಳ್ಳಲಾಗದ ವೃದ್ಧರು, ಇವರೆಲ್ಲರ ಪಾಲಿಗೆ ಬೀದಿಯ ಕೊನೆಯ ಹೋಟೆಲೇ ಅಡಿಗೆಮನೆಯ ವಿಸ್ತರಣೆ. ಮುಂಜಾನೆ ಇದನ್ನು ನಡೆಸುವ ಕೈಗಳು ಮಾತ್ರ ಬದಲಾಗಿವೆ. ಹದಿನಾಲ್ಕು ವರ್ಷದೊಳಗಿನವರನ್ನು ಹೋಟೆಲು ಕೆಲಸಕ್ಕೆ ಇಟ್ಟುಕೊಳ್ಳುವುದನ್ನು 2006ರ ಅಕ್ಟೋಬರಿನಿಂದ ಕಾನೂನು ನಿಷೇಧಿಸಿದೆ. ಕರಾವಳಿಯ ಮಕ್ಕಳು ಓದಿ ಬೇರೆ ಕಡೆ ಹೋಗಿದ್ದಾರೆ. ಇಂದು ದೋಸೆ ಕಾವಲಿಯ ಮುಂದೆ ಉತ್ತರ ಕರ್ನಾಟಕದವರು, ಒಡಿಶಾದವರು, ಈಶಾನ್ಯ ರಾಜ್ಯಗಳವರು ನಿಂತಿರುವುದು ಸಾಮಾನ್ಯ. ಅಡಿಗೆಯವನ ಜಾತಿಯನ್ನು ಬೋರ್ಡಿನಲ್ಲಿ ಹುಡುಕುತ್ತಿದ್ದ ಊರಿನಲ್ಲಿ ಈಗ ಅವನ ಭಾಷೆಯೂ ಗಿರಾಕಿಗೆ ತಿಳಿಯದು. ಚಟ್ನಿ ಸರಿಯಾಗಿದ್ದರೆ ಸಾಕು.

ದರ್ಶಿನಿಯ ಬೆಲೆಯೂ ಎಟುಕದವರು ಇದ್ದೇ ಇದ್ದಾರೆ. ಅಂಥವರಿಗಾಗಿ ರಾಜ್ಯ ಸರ್ಕಾರ 2017ರ ಆಗಸ್ಟ್ 16ರಂದು ಇಂದಿರಾ ಕ್ಯಾಂಟೀನ್ ಯೋಜನೆಯನ್ನು ಆರಂಭಿಸಿದಾಗ ಬೆಳಗಿನ ತಿಂಡಿಗೆ ಇಟ್ಟ ಬೆಲೆ ಐದು ರೂಪಾಯಿ. ಮೊದಲ ಕ್ಯಾಂಟೀನು ತೆರೆದದ್ದು ಜಯನಗರದ ಕನಕನಪಾಳ್ಯದಲ್ಲಿ. ಮೂವತ್ತನಾಲ್ಕು ವರ್ಷದ ಹಿಂದೆ ದರ್ಶಿನಿ ಹುಟ್ಟಿದ್ದ ಅದೇ ಭಾಗದಲ್ಲಿ, ಅದೇ ಚೀಟಿ, ಅದೇ ಸಾಲು, ಅದೇ ನಿಂತು ತಿನ್ನುವ ಮೇಜು.